ಮುಳುಗುವ ಲೆಕ್ಕ: ಕಡಲ ಫ್ಲೈ ಫಿಶಿಂಗ್‌ಗೆ ಹೊರಡುವ ಮುನ್ನ

ಬೋನ್‌ಫಿಶ್ ಉಬ್ಬರದ ನೀರಿನ ಬೆನ್ನು ಹಿಡಿದು ಬರುವ ಮೀನು. ಮರಳು ಬಯಲಿನ ಮೇಲೆ ನೀರು ಒಂದು ಗೇಣು ಏರಿದರೆ ಸಾಕು, ತಲೆ ತಗ್ಗಿಸಿ ನೆಲ ಕೆದಕುತ್ತ ಏಡಿ, ಸೀಗಡಿ, ಹುಳುಗಳನ್ನು ಹೆಕ್ಕತೊಡಗುತ್ತದೆ. ಅದರ ಬಾಯಿ ಕೆಳಮುಖವಾಗಿದೆ. ನಾಲಗೆ ಮತ್ತು ಅಂಗುಳಿನ ತುಂಬ ಚಿಪ್ಪು ಅರೆಯುವ ಗುಂಡು ಹಲ್ಲುಗಳಿವೆ. ಊಟವೆಲ್ಲ ನೆಲದ ಮೇಲೆಯೇ. ಹಾಗಾಗಿ ಬಹಾಮಾಸ್, ಬೆಲೀಜ್, ಸೇಶೆಲ್ಸ್, ಕಿರಿಬಾಸ್‌ನ ಕ್ರಿಸ್‌ಮಸ್ ದ್ವೀಪ, ಎಲ್ಲಿಗೇ ಹೊರಟಿದ್ದರೂ ಫ್ಲೈ ಕಟ್ಟಲು ಕೂತಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಎಸೆದ ಮೇಲೆ ಇದು ಎಷ್ಟು ಹೊತ್ತಿಗೆ ನೆಲ ಮುಟ್ಟುತ್ತದೆ? ಸೀಗಡಿಯ ಹೋಲಿಕೆ ಆಮೇಲಿನ ಮಾತು.

ಫ್ಲೈ ಎಂದರೆ ಗಾಳದ ಮೇಲೆ ಕೂದಲು, ಪುಕ್ಕ, ಮಿನುಗು ಎಳೆಗಳನ್ನು ದಾರದಿಂದ ಬಿಗಿದು ಮಾಡಿದ ಹುಸಿ ಆಹಾರ. ಅದರ ತೂಕ ಒಂದೆರಡು ಗ್ರಾಂ. ಇಷ್ಟು ಹಗುರವಾದದ್ದು ತನ್ನ ತೂಕದ ಬಲದಿಂದ ದೂರ ಹೋಗದು. ಗಾಳಿಯಲ್ಲಿ ಸಾಗುವುದು ದಪ್ಪನೆಯ ಲೈನು, ಫ್ಲೈ ಅದರ ತುದಿಗೆ ನೇತುಕೊಂಡು ಹೋಗುತ್ತದೆ. ಬೋನ್‌ಫಿಶ್‌ಗೆ ಬಳಸುವ 8ನೇ ಸಂಖ್ಯೆಯ ಲೈನಿನ ಮೊದಲ 30 ಅಡಿ ಸುಮಾರು 13.6 ಗ್ರಾಂ ತೂಗುತ್ತದೆ. ಎಸೆತಕ್ಕೆ ಬೇಕಾದ ತೂಕ ಲೈನಿನಲ್ಲೇ ಇರುವುದರಿಂದ ಫ್ಲೈಯ ತೂಕವನ್ನು ನೀರಿನ ಆಳ ನೋಡಿ ನಿರ್ಧರಿಸುವ ಸ್ವಾತಂತ್ರ್ಯ ಕಟ್ಟುವವರಿಗೆ ಸಿಗುತ್ತದೆ.

ಒಂದು ಲೆಕ್ಕ ಹಾಕೋಣ. ಮೀನು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬರುತ್ತಿದೆ, ಫ್ಲೈ ಅದರ ಎರಡು ಮೀಟರ್ ಮುಂದೆ ಬಿತ್ತು ಎಂದುಕೊಳ್ಳಿ. ನೆಲ ಮುಟ್ಟಲು ಫ್ಲೈಗೆ ಇರುವ ಸಮಯ ಎರಡು ಸೆಕೆಂಡು. ನೀರು 60 ಸೆಂಟಿಮೀಟರ್ ಆಳವಿದ್ದರೆ ಅದು ಸೆಕೆಂಡಿಗೆ 30 ಸೆಂಟಿಮೀಟರಿನಂತೆ ಇಳಿಯಬೇಕು. 20 ಸೆಂಟಿಮೀಟರ್ ನೀರಾದರೆ 10 ಸಾಕು. ಅಲ್ಲಿ ಅದಕ್ಕಿಂತ ಭಾರದ ಫ್ಲೈ ಬಿದ್ದರೆ ಸದ್ದಿಗೇ ಮೀನು ಬೆದರಿ ಓಡುತ್ತದೆ.

ತೂಕ ಹೆಚ್ಚಿಸಿದರೆ ಮುಳುಗುವ ವೇಗ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಹೊಸಬರು ಎಡವುವುದು ಇಲ್ಲೇ. ಮುಳುಗುವ ವಸ್ತುವನ್ನು ನೀರು ತಡೆಯುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ತೂಕ ಇಮ್ಮಡಿಯಾದರೆ ವೇಗ ಸುಮಾರು 1.4 ಪಟ್ಟು ಮಾತ್ರ. ವೇಗ ಇಮ್ಮಡಿಯಾಗಬೇಕಾದರೆ ತೂಕ ನಾಲ್ಕು ಪಟ್ಟಾಗಬೇಕು. ಕೂದಲು ಕಡಿಮೆ ಮಾಡಿ ನೀರಿಗೆ ಒಡ್ಡುವ ಮೈಯನ್ನು ಅರ್ಧಕ್ಕಿಳಿಸಿದರೂ ಅದೇ 1.4 ಪಟ್ಟು ವೇಗ ಬರುತ್ತದೆ, ಬೀಳುವಾಗಿನ ಸದ್ದೂ ಏರುವುದಿಲ್ಲ. ಆದ್ದರಿಂದ ಆಳದ ನೀರಿನ ಫ್ಲೈಗೆ ಭಾರದ ಕಣ್ಣು (ತಲೆಯ ಬಳಿ ಕಟ್ಟುವ ಲೋಹದ ಮಣಿಜೋಡಿ) ಮತ್ತು ತೆಳು ಕೂದಲು, ತೆಳು ನೀರಿನ ಫ್ಲೈಗೆ ಹಗುರ ಕಣ್ಣು ಮತ್ತು ತುಸು ಪೊದೆ ಕೂದಲು, ಹೀಗೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಕತ್ತರಿ ಆಡಿಸುವುದನ್ನು ಕಲಿತವರಿಗೆ ಭಾರದ ಸೀಸ ಕಡಿಮೆ ಸಾಕು.

ಕಣ್ಣಿನ ತೂಕಕ್ಕೆ ಇನ್ನೊಂದು ಕೆಲಸವಿದೆ. ಗಾಳದ ದಂಡದ ಮೇಲ್ಬದಿಗೆ, ಅಂದರೆ ಮೊನೆಯ ಎದುರು ಬದಿಗೆ, ಎರಡು ಮಣಿಗಳನ್ನು ಕಟ್ಟಿದರೆ ಭಾರ ಕೆಳಗೆ ಬರುವಂತೆ ಇಡೀ ಗಾಳ ನೀರಿನಲ್ಲಿ ಮಗುಚಿಕೊಳ್ಳುತ್ತದೆ. ಮೊನೆ ಮೇಲಾಗುವುದರಿಂದ ಮರಳು, ಹವಳ, ಹುಲ್ಲಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಬಹಾಮಾಸ್‌ನ ಆಂಡ್ರೋಸ್‌ನಲ್ಲಿ 1977ರಲ್ಲಿ ಬಾಬ್ ನಾಹೈಮ್ ಕಟ್ಟಿದ, ಗೈಡ್ ಚಾರ್ಲಿ ಸ್ಮಿತ್ ಹೆಸರು ಹೊತ್ತ ಕ್ರೇಜಿ ಚಾರ್ಲಿ ಹೀಗೇ ಮಣಿಗಣ್ಣಿನ ಫ್ಲೈ. ಸಿಹಿನೀರಿನ ಮೀನಿಗಾಗಿ ಬಾಬ್ ಕ್ಲೌಸರ್ 1980ರ ದಶಕದಲ್ಲಿ ರೂಪಿಸಿದ ಕ್ಲೌಸರ್ ಮಿನ್ನೋ ಡಂಬೆಲ್ ಆಕಾರದ ಭಾರದ ಕಣ್ಣಿನಿಂದ ಇದೇ ಕೆಲಸ ಮಾಡಿಸಿಕೊಂಡು ಕಡಲಿಗೂ ಬಂತು.

ಕ್ರೇಜಿ ಚಾರ್ಲಿ ಬಗೆಯ ಫ್ಲೈಗೆ 6ನೇ ಅಳತೆಯ ಸ್ಟೇನ್‌ಲೆಸ್ ಗಾಳ ಸರಿಯಾಗುತ್ತದೆ. ಗಾಳದ ಬಾಗನ್ನು ವೈಸ್‌ನಲ್ಲಿ (ಗಾಳ ಹಿಡಿದುಕೊಳ್ಳುವ ಇಕ್ಕಳದಂಥ ಸಾಧನ) ಭದ್ರವಾಗಿ ಕಚ್ಚಿಸಿ, ದಂಡದ ಉದ್ದಕ್ಕೂ 140 ಡೆನಿಯರ್ (ಎಳೆಯ ದಪ್ಪದ ಅಳತೆ) ದಾರ ಸುತ್ತಿ. ಬರೀ ಲೋಹದ ಮೇಲೆ ಏನೂ ನಿಲ್ಲುವುದಿಲ್ಲ, ಈ ದಾರದ ಹಾಸು ಬೇಕೇ ಬೇಕು. ಬೀಡ್ ಚೈನ್‌ನಿಂದ (ಲೋಹದ ಮಣಿಸರಪಳಿ) ಎರಡು ಮಣಿಗಳ ತುಂಡು ಕತ್ತರಿಸಿ, ಗಾಳದ ಕಣ್ಣಿನಿಂದ, ಅಂದರೆ ದಾರ ಪೋಣಿಸುವ ತೂತಿನಿಂದ, ಅದರ ಎರಡರಷ್ಟು ಹಿಂದಕ್ಕೆ ಅಡ್ಡಲಾಗಿಟ್ಟು, ಎಂಟರ ಆಕಾರದಲ್ಲಿ 10-12 ಸುತ್ತು ಬಿಗಿಯಿರಿ. ಬಳಿಕ ಮಣಿಗಳ ಕೆಳಗೆ, ದಂಡದ ಮೇಲೆ, ಅಡ್ಡಡ್ಡವಾಗಿ ಐದಾರು ಸುತ್ತು ಹಾಕಿ. ಇವು ಮೊದಲಿನ ಸುತ್ತುಗಳನ್ನು ಒಟ್ಟಿಗೆ ಹಿಂಡಿ ಬಿಗಿಗೊಳಿಸುತ್ತವೆ. ಕೊನೆಗೆ ಒಂದು ಹನಿ ಸೂಪರ್‌ಗ್ಲೂ. ಈ ಅಡ್ಡ ಸುತ್ತು ಬಿಟ್ಟವರ ಕಣ್ಣು ನಾಲ್ಕಾರು ಎಸೆತದಲ್ಲಿ ವಾಲುತ್ತದೆ. ವಾಲಿದ ಕಣ್ಣಿನ ಫ್ಲೈ ಪಕ್ಕಕ್ಕೆ ಬಿದ್ದು, ಗಿರಗಿರನೆ ತಿರುಗಿ, ಲೀಡರನ್ನೂ (ಲೈನು ಮತ್ತು ಫ್ಲೈ ನಡುವಿನ ತೆಳು ಎಳೆ) ಹೊಸೆದುಹಾಕುತ್ತದೆ.

ಮೈಗೆ ಮುತ್ತಿನ ಹೊಳಪಿನ ಟಿನ್ಸೆಲ್ (ಮಿನುಗು ಪಟ್ಟಿ) ಸುತ್ತಿ ಮಣಿಗಣ್ಣಿನ ಮುಂದಕ್ಕೆ ತನ್ನಿ. ಈಗ ಗಾಳವನ್ನು ತಿರುಗಿಸಿ ಹಿಡಿದು, ಮೊನೆಯ ಬದಿಗೆ ಎರಡು ಮಿನುಗು ಎಳೆ ಮತ್ತು ಬೆಂಕಿಕಡ್ಡಿಯಷ್ಟು ದಪ್ಪದ ಕ್ರಾಫ್ಟ್ ಫರ್ (ಕೃತಕ ಕೂದಲು) ಕಟ್ಟಿ. ಉದ್ದ ದಂಡದ ಎರಡರಷ್ಟು. ಅದಕ್ಕಿಂತ ಉದ್ದವಾದರೆ ಕೂದಲು ಗಾಳದ ಬಾಗಿಗೆ ಸುತ್ತಿಕೊಳ್ಳುತ್ತದೆ. ಕಟ್ಟುವ ಮುನ್ನ ಬುಡದ ಉಣ್ಣೆಯಂಥ ಗಿಡ್ಡ ಎಳೆಗಳನ್ನು ಬಾಚಿ ತೆಗೆಯದಿದ್ದರೆ ಅವು ಗಾಳಿ ಹಿಡಿದಿಟ್ಟುಕೊಂಡು ಫ್ಲೈಯನ್ನು ತೇಲಿಸುತ್ತವೆ. ಐದು ಸುತ್ತಿನ ವಿಪ್ ಫಿನಿಶ್ (ದಾರ ಬಿಚ್ಚದಂತೆ ಹಾಕುವ ಕೊನೆಯ ಗಂಟು) ಎರಡು ಸಲ ಹಾಕಿ, ತಲೆಗೆ ತೆಳ್ಳಗೆ ಯುವಿ ರೆಸಿನ್ (ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ಅಂಟು) ಸವರಿ ಯುವಿ ಟಾರ್ಚಿನ ಬೆಳಕು ಹಿಡಿಯಿರಿ. ಗಾಳದ ಕಣ್ಣಿನೊಳಗೆ ರೆಸಿನ್ ಇಳಿದಿದೆಯೇ ಎಂದು ಅಲ್ಲೇ ನೋಡಿ, ಬೆಳಕು ಹಿಡಿಯುವ ಮುಂಚೆಯೇ ಸೂಜಿಯಿಂದ ಬಿಡಿಸಬೇಕು. ಮೀನು ಎದುರಿಗಿದ್ದಾಗ ಮುಚ್ಚಿಹೋದ ಕಣ್ಣಿಗೆ ದಾರ ಪೋಣಿಸಲು ಹೆಣಗುವುದಕ್ಕಿಂತ ದೊಡ್ಡ ನಷ್ಟ ಬೇರಿಲ್ಲ.

ಬಣ್ಣದ ವಿಚಾರ ಅಷ್ಟು ಜಟಿಲವಲ್ಲ. ಸೀಗಡಿ, ಏಡಿಗಳು ತಾವಿರುವ ನೆಲದ ಬಣ್ಣಕ್ಕೆ ಹೊಂದಿಕೊಂಡು ಬದುಕುತ್ತವೆ. ಬಿಳಿ ಮರಳಿಗೆ ತಿಳಿಗಂದು, ತಿಳಿಗುಲಾಬಿ. ಕಡಲ ಹುಲ್ಲಿಗೆ ಆಲಿವ್, ಕಂದು.

ಕಟ್ಟಿದ್ದನ್ನು ಬಕೆಟ್ ನೀರಿನಲ್ಲಿ ಪರೀಕ್ಷಿಸಿ. ಮೊದಲು ಫ್ಲೈಯನ್ನು ನೆನೆಸಿ, ನೀರೊಳಗೇ ಹಿಂಡಿ ಗಾಳಿಗುಳ್ಳೆ ಬಿಡಿಸಿ. ಒಣ ಫ್ಲೈ ಕೊಡುವ ಲೆಕ್ಕ ಸುಳ್ಳು. ಅಳತೆಪಟ್ಟಿ ಇಳಿಬಿಟ್ಟು, 30 ಸೆಂಟಿಮೀಟರ್ ಇಳಿಯಲು ಹಿಡಿಯುವ ಸಮಯವನ್ನು ಫೋನಿನ ನಿಧಾನಗತಿಯ ವಿಡಿಯೋದಲ್ಲಿ ಎಣಿಸಿ. ಮೂರು ತೂಕಗಳಿಗೆ ತಲೆಯ ದಾರದ ಬಣ್ಣ ಬೇರೆಬೇರೆ ಇರಲಿ: ಕಣ್ಣೇ ಇಲ್ಲದ್ದಕ್ಕೆ ಬಿಳಿ, ಮಣಿಗಣ್ಣಿಗೆ ಗುಲಾಬಿ, ಡಂಬೆಲ್‌ಗೆ ಕೆಂಪು. ಬಿಸಿಲಲ್ಲಿ ಪೆಟ್ಟಿಗೆ ತೆರೆದಾಗ ಆಯ್ಕೆ ಒಂದು ನೋಟದಲ್ಲಿ ಮುಗಿಯುತ್ತದೆ. ಆರು ದಿನದ ಪ್ರವಾಸಕ್ಕೆ ಮೂರು ತೂಕ, ಎರಡು ಬಣ್ಣ, ಒಂದೊಂದರಲ್ಲಿ ಎಂಟು, ಒಟ್ಟು 48 ಸಾಕು. ಹತ್ತಾರು ವಿನ್ಯಾಸಗಳಲ್ಲಿ ಒಂದೊಂದನ್ನು ಒಯ್ಯುವುದಕ್ಕಿಂತ ಇದು ಮೇಲು, ಏಕೆಂದರೆ ಹಿಡಿಯುವ ಫ್ಲೈ ಯಾವುದೆಂದು ಗೊತ್ತಾದ ದಿನವೇ ಅದು ಮುಗಿದುಹೋಗಬಾರದು.

ಲೀಡರಿನಲ್ಲೂ ಮುಳುಗುವ ಲೆಕ್ಕವಿದೆ. ನೈಲಾನಿನ ಸಾಂದ್ರತೆ ನೀರಿಗಿಂತ ತುಸುವೇ ಹೆಚ್ಚು, ಸುಮಾರು 1.14. ಫ್ಲೋರೋಕಾರ್ಬನ್‌ನದು 1.78. ತುದಿಗೆ ಫ್ಲೋರೋಕಾರ್ಬನ್ ಇದ್ದರೆ ಅದು ಫ್ಲೈಯನ್ನು ಮೇಲಕ್ಕೆ ಎಳೆಯದೆ ಜೊತೆಗೇ ಇಳಿಯುತ್ತದೆ. ಅದರ ವಕ್ರೀಭವನಾಂಕ 1.42, ನೀರಿನದು 1.33. ನೈಲಾನಿಗಿಂತ ನೀರಿಗೆ ಹತ್ತಿರವಾದ್ದರಿಂದ ಕಾಣುವುದೂ ಕಡಿಮೆ. ಒಟ್ಟು ಉದ್ದ 9ರಿಂದ 12 ಅಡಿ, ತುದಿಯ ಬಲ 12ರಿಂದ 16 ಪೌಂಡ್. ಫ್ಲೈಗೆ ಜಾರದ ಕುಣಿಕೆ ಗಂಟು ಹಾಕಿದರೆ ಅದು ಸಡಿಲವಾಗಿ ತೂಗಾಡಿಕೊಂಡು ಇಳಿಯುತ್ತದೆ. ಗಂಟು ಬಿಗಿಯುವ ಮುನ್ನ ಎಂಜಲು ಹಚ್ಚಿ. ಒಣಗಂಟು ಜಾರುವಾಗ ಹುಟ್ಟುವ ಬಿಸಿಗೆ ಎಳೆ ದುರ್ಬಲವಾಗುತ್ತದೆ.

ಲೈನು ಉಷ್ಣವಲಯಕ್ಕೆಂದೇ ಮಾಡಿದ್ದಾಗಿರಬೇಕು. ತಣ್ಣೀರಿನ ಲೈನು ಬಿಸಿಲಿಗೆ ಮೆತ್ತಗಾಗಿ ಗಾಳದ ಕಡ್ಡಿಯ ಉಂಗುರಗಳಿಗೆ ಅಂಟುತ್ತದೆ. ರೀಲಿನಲ್ಲಿ 20 ಪೌಂಡಿನ ಡೇಕ್ರಾನ್ ಬ್ಯಾಕಿಂಗ್ (ಲೈನಿನ ಹಿಂದೆ ಸುತ್ತಿಡುವ ಹೆಚ್ಚುವರಿ ದಾರ) ಸುಮಾರು 180 ಮೀಟರ್ ಇರಲಿ, ಬಿಗಿಯಾಗಿ ಸುತ್ತಿರಲಿ. ಸಡಿಲ ಸುತ್ತಿನಲ್ಲಿ ಓಡುವ ಮೀನಿನ ಎಳೆತಕ್ಕೆ ಮೇಲಿನ ಎಳೆ ಕೆಳಗಿನವುಗಳ ನಡುವೆ ಹೂತು ನಿಂತುಬಿಡುತ್ತದೆ, ಮರುಕ್ಷಣ ಲೀಡರ್ ತುಂಡು. ಪೋಲರಾಯ್ಡ್ ಕನ್ನಡಕ ಮರೆತರೆ ಉಳಿದದ್ದೆಲ್ಲ ವ್ಯರ್ಥ: ನೀರಿನ ಮೇಲಿನ ಕಣ್ಣು ಕುಕ್ಕುವ ಹೊಳಪು ಬಹುಪಾಲು ಅಡ್ಡಧ್ರುವಿತ (ಅಡ್ಡ ದಿಕ್ಕಿನಲ್ಲೇ ಕಂಪಿಸುವ) ಬೆಳಕು, ಅದನ್ನು ತಡೆಯದೆ ಮೀನು ಕಾಣದು.

ಮೀನಿಗೆ ನೀವು ಕಾಣುತ್ತೀರಿ ಎಂಬುದೂ ನೆನಪಿರಲಿ. ನೀರೊಳಗಿನಿಂದ ಹೊರಗಿನ ಇಡೀ ಜಗತ್ತು ಸುಮಾರು 97 ಡಿಗ್ರಿಯ ಶಂಕುವಿನೊಳಗೆ ಕುಗ್ಗಿ ಕಾಣುತ್ತದೆ. ದಿಗಂತದ ಹತ್ತಿರದ್ದೆಲ್ಲ ಅದರ ಅಂಚಿನಲ್ಲಿ ಚಪ್ಪಟೆಯಾಗಿ ಅಡಗುತ್ತದೆ. ಬಾಗಿ ನಿಂತು ಕಡ್ಡಿಯನ್ನು ತಗ್ಗಿಸಿ ಎಸೆಯಬೇಕೆನ್ನುವುದು ಇದಕ್ಕೇ.

ಸಾಮಾನು ಕಟ್ಟುವಾಗ ಗಾಳ, ಕತ್ತರಿ, ಇಕ್ಕಳ ಎಲ್ಲವೂ ಚೆಕ್‌ಇನ್ ಚೀಲಕ್ಕೆ ಹೋಗಲಿ. ಯುವಿ ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿಗಳು ಮಾತ್ರ ಕೈಚೀಲದಲ್ಲೇ ಇರಬೇಕು, ಅದು ವಿಮಾನಯಾನದ ನಿಯಮ. ಸುಲಭವಾಗಿ ಹೊತ್ತಿಕೊಳ್ಳುವ ದ್ರಾವಕವಿರುವ ಅಂಟನ್ನು ಒಯ್ಯಲೇಬೇಡಿ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿ ಪುಕ್ಕ, ಕೂದಲಿನ ಫ್ಲೈಗಳನ್ನು ಗಡಿಯಲ್ಲಿ ಘೋಷಿಸಬೇಕು. ಬೆಲೀಜ್‌ನಲ್ಲಿ 2009ರಿಂದ ಬೋನ್‌ಫಿಶ್, ಪರ್ಮಿಟ್, ಟಾರ್ಪನ್ ಎಂಬ ಮೀನುಗಳನ್ನು ಹಿಡಿದರೆ ಬಿಡಲೇಬೇಕೆಂಬ ಕಾನೂನಿದೆ. ಬಿಡುವುದೆಂದರೆ ಬದುಕುವಂತೆ ಬಿಡುವುದು. ಆದ್ದರಿಂದ ಗಾಳದ ಮೊನೆಯ ಹಿಂದಿರುವ ಮುಳ್ಳನ್ನು ಇಕ್ಕಳದಿಂದ ಮನೆಯಲ್ಲೇ ಒತ್ತಿ ಚಪ್ಪಟೆ ಮಾಡಿ. ಮೀನನ್ನು ನೀರಿನಿಂದ ಎತ್ತದೆ, ಒದ್ದೆ ಕೈಯಲ್ಲಿ ಹಿಡಿದು ಗಾಳ ಬಿಡಿಸಿ. ಗಾಳಿಯಲ್ಲಿ ಹೆಚ್ಚು ಹೊತ್ತಿದ್ದ ಬೋನ್‌ಫಿಶ್ ಸಮತೋಲ ತಪ್ಪಿ ತೇಲುತ್ತದೆ, ಹತ್ತಿರದ ಶಾರ್ಕಿಗೆ ಅಷ್ಟೇ ಬೇಕು.

ಸಂಜೆ ಬಂದ ಮೇಲೆ ರೀಲಿನ ಡ್ರ್ಯಾಗ್ (ಲೈನು ಹೊರಹೋಗುವುದನ್ನು ತಡೆಯುವ ಬ್ರೇಕು) ಬಿಗಿಮಾಡಿ ಸಿಹಿನೀರನ್ನು ಮೆಲ್ಲಗೆ ಸುರಿಯಿರಿ. ರಭಸದ ನಲ್ಲಿ ನೀರು ಉಪ್ಪನ್ನು ಒಳಕ್ಕೇ ತಳ್ಳುತ್ತದೆ. ಒಣಗಿದ ಬಳಿಕ ಡ್ರ್ಯಾಗ್ ಸಡಿಲಿಸಿ. ದಿನವಿಡೀ ಬಳಸಿದ ಫ್ಲೈಗಳನ್ನು ಒದ್ದೆಯಾಗಿಯೇ ಪೆಟ್ಟಿಗೆಗೆ ಸೇರಿಸಬೇಡಿ. ಸ್ಟೇನ್‌ಲೆಸ್ ಉಕ್ಕಿನ ಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳುಪದರವನ್ನೂ ಕ್ಲೋರೈಡ್ ತೂತು ಮಾಡಬಲ್ಲದು, ಅದರಲ್ಲೂ ದಾರದಡಿಯ ಗಾಳಿಯಾಡದ ಸಂದಿನಲ್ಲಿ. ಹೊರಗೆ ಹೊಳೆಯುವ ಗಾಳ ಒಳಗೆ ಸವೆದು, ಒಳ್ಳೆಯ ಮೀನಿಗೇ ಮುರಿಯುತ್ತದೆ. ಸಿಹಿನೀರಿನಲ್ಲಿ ತೊಳೆದ ಫ್ಲೈಗಳನ್ನು ಟವೆಲಿನ ಮೇಲೆ ಹರಡಿ, ಬೆಳಿಗ್ಗೆ ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ. ಜಾರಿದರೆ ಅರ ಹಚ್ಚಿ, ಕಚ್ಚಿದರೆ ಪೆಟ್ಟಿಗೆಗೆ ಹಾಕಿ.