ಸಮುದ್ರ ಸೇರುವ ನೀರು ದಂಡವೇ?

ನದಿಯ ನೀರು ಸುಮ್ನೆ ಸಮುದ್ರಕ್ಕೆ ಹರಿದು ದಂಡವಾಗುತ್ತದೆ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಹೀಗೆ ಹೇಳುವವರು ಅಳಿವೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ನದಿಯ ಸಿಹಿನೀರು ಕಡಲಿನ ಉಪ್ಪುನೀರಿನ ಜೊತೆ ಬೆರೆಯುವ ಜಾಗವೇ ಅಳಿವೆ. ಆ ಸಿಹಿನೀರಿಗೆ ಅಲ್ಲಿ ಬೇಕಾದಷ್ಟು ಕೆಲಸವಿದೆ.

ಈ ಎರಡು ನೀರು ಅಷ್ಟು ಸುಲಭಕ್ಕೆ ಬೆರೆಯುವುದೂ ಇಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹಾಗಾಗಿ ಅದು ಸಿಹಿನೀರಿಗಿಂತ ಭಾರ. ನದಿಯ ನೀರು ಮೇಲ್ಭಾಗದಲ್ಲಿ ಕಡಲಿನತ್ತ ಹೋಗುತ್ತಿದ್ದರೆ, ಉಪ್ಪುನೀರು ತಳದಲ್ಲಿ ನುಸುಳಿಕೊಂಡು ಒಳಗೆ ಬರುತ್ತಿರುತ್ತದೆ. ಒಂದೇ ಜಾಗ, ಮೇಲೊಂದು ದಿಕ್ಕು, ಕೆಳಗೊಂದು ದಿಕ್ಕು! ಉಬ್ಬರವಿಳಿತ ಜೋರಾಗಿದ್ದರೆ ಎರಡೂ ಕಲಸಿಹೋಗುತ್ತವೆ. ಹೊಳೆಯ ಸೆಳೆತ ಜಾಸ್ತಿಯಿದ್ದರೆ ಉಪ್ಪು ಹಿಂದೆ ಸರಿಯುತ್ತದೆ. ಅಮೆರಿಕದ ಹಡ್ಸನ್ ನದಿಯಲ್ಲಿ ಉಬ್ಬರದ ಏರಿಳಿತ ಸುಮಾರು 240 ಕಿಲೋಮೀಟರ್ ಒಳಗೂ ಕಾಣುತ್ತದೆ. ಉಪ್ಪು ಮಾತ್ರ ಅಷ್ಟು ದೂರ ಹೋಗುವುದಿಲ್ಲ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಕೆಸರು. ಹೊಳೆ ಹೊತ್ತು ತರುವ ಜೇಡಿಯ ಕಣಗಳ ಮೇಲೆ ನೆಗೆಟಿವ್ ಚಾರ್ಜ್ ಇರುತ್ತದೆ. ಎಲ್ಲದಕ್ಕೂ ಒಂದೇ ಬಗೆಯ ಚಾರ್ಜ್, ಹಾಗಾಗಿ ಒಂದನ್ನೊಂದು ತಳ್ಳುತ್ತಾ ತೇಲಿಕೊಂಡಿರುತ್ತವೆ. ಉಪ್ಪುನೀರು ಎದುರಾದಾಗ ಅದರಲ್ಲಿರುವ ಸೋಡಿಯಂ, ಮೆಗ್ನೀಸಿಯಂ ಅಯಾನುಗಳು, ಅಂದರೆ ಪಾಸಿಟಿವ್ ಚಾರ್ಜಿನ ಕಣಗಳು, ಈ ತಳ್ಳಾಟವನ್ನು ತಗ್ಗಿಸುತ್ತವೆ. ಕಣಗಳು ಅಂಟಿಕೊಂಡು, ಗಂಟುಗಟ್ಟಿ ಕೆಳಗಿಳಿಯುತ್ತವೆ. ಅಲ್ಲಿ ಒಳಮುಖವಾಗಿ ಬರುವ ನೀರು ಅವನ್ನು ಮತ್ತೆ ಹಿಂದಕ್ಕೆ ಎಳೆದು ತರುತ್ತದೆ. ಕಡಲ ಪಾಲಾಗಬೇಕಿದ್ದ ಸಾರದಲ್ಲಿ ಒಂದಷ್ಟು ಹೀಗೆ ಅಳಿವೆಯಲ್ಲೇ ಸುತ್ತುತ್ತಿರುತ್ತದೆ. ಕೆಸರು ಬಯಲು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡು ಎಲ್ಲಕ್ಕೂ ಇದೇ ಆಸರೆ.

ಮೀನು, ಸೀಗಡಿ, ಏಡಿಯ ಮರಿಗಳಿಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಎಲ್ಲಿ ಸಿಗಬೇಕು? ತಿನ್ನಲು ಬೇಕಾದಷ್ಟಿದೆ. ಕದಡಿದ ನೀರಾದ್ದರಿಂದ ದೊಡ್ಡ ಮೀನುಗಳ ಕಣ್ಣಿಗೆ ಬೀಳುವುದೂ ಕಡಿಮೆ. ಆದರೆ ಉಬ್ಬರ ಬಂದಾಗೊಂದು ಉಪ್ಪು, ಇಳಿದಾಗೊಂದು ಉಪ್ಪು. ದಿನವೂ ಇದನ್ನು ತಾಳಿಕೊಳ್ಳಬಲ್ಲ ಜೀವಿಗಳು ಕೆಲವೇ. ತಾಳಿಕೊಂಡವು ಮಾತ್ರ ಲೆಕ್ಕವಿಲ್ಲದಷ್ಟು ಬೆಳೆಯುತ್ತವೆ. ದೂರದ ಕಡಲಿನಲ್ಲಿ ಬಲೆಗೆ ಬೀಳುವ ಎಷ್ಟೋ ಮೀನುಗಳು ಎಳವೆಯನ್ನು ಇಂಥ ಕಡೆಯೇ ಕಳೆದಿರುತ್ತವೆ.

ಸಿಹಿನೀರು ನಿಂತರೆ? ಅಮೆರಿಕದಿಂದ ಮೆಕ್ಸಿಕೋಗೆ ಹರಿಯುವ ಕೊಲೊರಾಡೊ ನದಿಯನ್ನು ನೋಡಿ. ಅಣೆಕಟ್ಟು, ಕಾಲುವೆಗಳು ಹೆಚ್ಚಿದಂತೆ, 1960ರ ದಶಕದಿಂದ ಅದು ಕಡಲು ಮುಟ್ಟುವುದೇ ಅಪರೂಪವಾಯಿತು. ಮೆಕ್ಸಿಕೋದಲ್ಲಿರುವ ಅದರ ಅಳಿವೆ ತಲೆಕೆಳಗಾಗಿದೆ. ಬಿಸಿಲಿಗೆ ನೀರು ಆರುತ್ತದೆ, ಮೇಲಿಂದ ಸಿಹಿನೀರು ಬರುವುದಿಲ್ಲ. ಹಾಗಾಗಿ ಒಳಗೆ ಹೋದಷ್ಟೂ ಉಪ್ಪು ಜಾಸ್ತಿ! ಅಲ್ಲಿ ಮರಿ ಮಾಡುತ್ತಿದ್ದ ಟೊಟೊಆಬ ಎಂಬ ದೊಡ್ಡ ಮೀನು ಅಪರೂಪವಾಗಲು ಮಿತಿಮೀರಿದ ಬೇಟೆಯೇ ದೊಡ್ಡ ಕಾರಣವಾದರೂ, ಈ ಬದಲಾವಣೆಯತ್ತಲೂ ಬೆರಳು ತೋರಿಸುವವರಿದ್ದಾರೆ. ಅಮೆರಿಕ ಮತ್ತು ಮೆಕ್ಸಿಕೋ 2012ರಲ್ಲಿ ಒಪ್ಪಂದ ಮಾಡಿಕೊಂಡು, 2014ರಲ್ಲಿ ಎಂಟು ವಾರ ನೀರು ಬಿಟ್ಟವು. ಹೆಚ್ಚಿನದು ದಾರಿಯ ಒಣಮರಳಿಗೇ ಇಂಗಿತು, ಉಳಿದದ್ದು ಮೇ ತಿಂಗಳಲ್ಲಿ ಕಡಲು ಸೇರಿತು. ದಂಡೆಯ ಹಸಿರು ಹೆಚ್ಚಿದ್ದು ಉಪಗ್ರಹ ಚಿತ್ರಗಳಲ್ಲೂ ಕಂಡಿತು. ಅಳಿವೆಯ ಉಪ್ಪು ಇಳಿಯಲು ಮಾತ್ರ ಅಷ್ಟು ನೀರು ಏನೇನೂ ಸಾಲದು.