ದಿನವೂ ಒರೆಸುವ ಐಸಿಯುನಲ್ಲಿ ಬ್ಯಾಕ್ಟೀರಿಯಾ ಉಳಿಯುವುದು ಹೇಗೆ?

ಪ್ರಶ್ನೆ: ದಾವಣಗೆರೆಯ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದ ನಮ್ಮ ತಂದೆಯವರಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ತಗುಲಿದೆ ಎಂದರು. ಅಲ್ಲಿ ದಿನಕ್ಕೆ ಹಲವು ಬಾರಿ ನೆಲ ಒರೆಸುವುದನ್ನು ಕಂಡಿದ್ದೇವೆ. ಹಾಗಿದ್ದೂ ಅದು ಉಳಿಯುವುದು ಹೇಗೆ?

ಉತ್ತರ: ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಸೋಂಕುನಾಶಕಕ್ಕೂ ಬಗ್ಗುವುದಿಲ್ಲ ಎಂದು ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ಎಂಆರ್‌ಎಸ್‌ಎ (ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದ ಸ್ಟೆಫೈಲೊಕಾಕಸ್ ಔರಿಯಸ್ ಬ್ಯಾಕ್ಟೀರಿಯಾ) ಕೂಡ ಸರಿಯಾದ ಪ್ರಮಾಣದ ಹೈಪೋಕ್ಲೋರೈಟ್, ಅಂದರೆ ಕ್ಲೋರಿನ್ ಇರುವ ಸೋಂಕುನಾಶಕ ದ್ರಾವಣ, ತಾಗಿದರೆ ಸಾಯುತ್ತದೆ. ಆದರೆ ಅದು ತಾಗಬೇಕು, ತಾಗಿ ಕೆಲವು ನಿಮಿಷವಾದರೂ ಹಸಿಯಾಗಿ ನಿಲ್ಲಬೇಕು. ರಕ್ತ, ಕೀವು ಅಂಟಿದ್ದ ಕಡೆ ಕ್ಲೋರಿನ್ ಆ ಕೊಳೆಯ ಮೇಲೆಯೇ ಖರ್ಚಾಗಿಬಿಡುತ್ತದೆ. ಆದ್ದರಿಂದ ಮೊದಲು ತೊಳೆದು ಆಮೇಲೆ ದ್ರಾವಣ ಹಚ್ಚಬೇಕು.

ನೆಲ ಎಲ್ಲರ ಕಣ್ಣಿಗೂ ಬೀಳುತ್ತದೆ. ರೋಗಿಯನ್ನು ಮುಟ್ಟುವ ಕೈಗಳು ತಾಗುವುದು ಮಾತ್ರ ಮಂಚದ ಕಂಬಿ, ಡ್ರಿಪ್ ಸ್ಟ್ಯಾಂಡ್, ಮಾನಿಟರ್‌ನ ಗುಂಡಿ, ಮೊಬೈಲ್‌ಗಳಿಗೆ. ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಮೇಲ್ಮೈಯ ಮೇಲೆ 5 ತಿಂಗಳವರೆಗೂ, ಸ್ಟೆಫೈಲೊಕಾಕಸ್ ಔರಿಯಸ್ 7 ತಿಂಗಳವರೆಗೂ ಬದುಕಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ.

ಇನ್ನೂ ಕಠಿಣವಾದ ಜಾಗ ಸಿಂಕ್. ಅದರ ಕೆಳಗಿನ ಬಾಗಿದ ಪೈಪಿನಲ್ಲಿ ನೀರು ಸದಾ ನಿಂತಿರುತ್ತದೆ. ಅಲ್ಲಿ ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಲೋಳೆಯೊಳಗೆ ಪದರವಾಗಿ ನೆಲೆಸುತ್ತವೆ. ಈ ಜೈವಿಕ ಪದರದ ಆಳಕ್ಕೆ ಸೋಂಕುನಾಶಕ ಸುಲಭವಾಗಿ ಇಳಿಯುವುದಿಲ್ಲ. ಮೇಲಿನವು ಸತ್ತರೂ ಒಳಗಿನವು ಮತ್ತೆ ಬೆಳೆಯುತ್ತವೆ. ನಲ್ಲಿಯ ನೀರು ನೇರವಾಗಿ ಡ್ರೈನ್ ಮೇಲೆ ಬಿದ್ದರೆ ಹನಿಗಳು ಸುತ್ತಲೂ ಸಿಡಿಯುತ್ತವೆ. ಆ ಪಕ್ಕದಲ್ಲಿ ಇಂಜೆಕ್ಷನ್ ತಟ್ಟೆ ಇಡುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ. ಈ ಪದರಗಳಲ್ಲಿ ಬ್ಯಾಕ್ಟೀರಿಯಾಗಳು ಔಷಧ ನಿರೋಧದ ಜೀನ್‌ಗಳನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಗಳ ಮೂಲಕ ಒಂದಕ್ಕೊಂದು ದಾಟಿಸಿಕೊಳ್ಳುವುದೂ ಉಂಟು. ಐಸಿಯುನಲ್ಲಿ ಆಂಟಿಬಯಾಟಿಕ್ ಬಳಕೆ ಹೆಚ್ಚು. ಸಾಮಾನ್ಯ ತಳಿಗಳು ಸಾಯುತ್ತವೆ, ನಿರೋಧ ಪಡೆದವಕ್ಕೆ ಜಾಗ ತೆರವಾಗುತ್ತದೆ.

ಜಗಳೂರು, ಚನ್ನಗಿರಿ, ಹೊನ್ನಾಳಿಗಳಿಂದ ದಾವಣಗೆರೆಗೆ ರೋಗಿಯನ್ನು ನೋಡಲು ಬರುವ ಬಂಧುಗಳಲ್ಲಿ ನನ್ನದೊಂದು ಕಳಕಳಿಯ ವಿನಂತಿ. ರೋಗಿಯ ಮಂಚದ ಮೇಲೆ ಕೂರಬೇಡಿ, ಚೀಲ ಇಡಬೇಡಿ. ಮುಟ್ಟುವ ಮುಂಚೆ, ಮುಟ್ಟಿದ ನಂತರ ಕೈ ಶುಚಿ ಮಾಡಿಕೊಳ್ಳಿ. ಡಾಕ್ಟರ್, ನರ್ಸ್‌ಗಳಿಗೂ ಇದನ್ನು ವಿನಯದಿಂದ ನೆನಪಿಸಬಹುದು. ಅದರಲ್ಲಿ ಸಂಕೋಚ ಬೇಡ. ಸಾಮಾನ್ಯವಾಗಿ ಸ್ಯಾನಿಟೈಸರ್ ಸಾಕು. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಭೇದಿ ಇರುವ ರೋಗಿಯ ಬಳಿ ಮಾತ್ರ ಸಾಲದು. ಅದರ ಬೀಜಕಣಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ. ಸಾಬೂನು ಹಚ್ಚಿ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆದುಕೊಳ್ಳಬೇಕು.