ಹೆರಿಗೆ ಕೋಣೆಯ ಔಷಧಿ ಕಪಾಟು

ಪಾವಗಡದಿಂದ ಸುಮಾರು 100 ಕಿಲೋಮೀಟರ್ ದೂರದ ತುಮಕೂರಿಗೆ ಆಂಬ್ಯುಲೆನ್ಸ್‌ನಲ್ಲಿ ಬಂದ ಗರ್ಭಿಣಿಗೆ, ಹೊರಡುವ ಮೊದಲೇ ನೋವಿನ ಇಂಜೆಕ್ಷನ್ ಆಗಿದ್ದರೆ, ಯಾವ ಮದ್ದು, ಎಷ್ಟು ಹೊತ್ತಿಗೆ ಕೊಟ್ಟರೆಂಬುದನ್ನು ಹೆರಿಗೆ ವಾರ್ಡಿನ ನರ್ಸ್ ಕೇಳಿ ತಿಳಿಯಲೇಬೇಕು. ಪೆಥಿಡಿನ್ ಆಗಿದ್ದರಂತೂ ಈ ವಿವರ ಮಗುವಿಗೆ ಸಂಬಂಧಿಸಿದ್ದು. ತಾಯಿಯ ನೋವನ್ನು ತಗ್ಗಿಸುವ ಈ ಔಷಧಿ ಮಾಸುವನ್ನು ದಾಟಿ ಮಗುವಿನ ರಕ್ತವನ್ನೂ ಸೇರುತ್ತದೆ. ಕೊಟ್ಟ 2-3 ಗಂಟೆಗಳ ಆಸುಪಾಸಿನಲ್ಲಿ ಹುಟ್ಟಿದ ಮಗುವಿನ ಉಸಿರಾಟ ಮಂದವಾಗುವ ಸಂಭವ ಹೆಚ್ಚು. ಪೆಥಿಡಿನ್ ಮಾದಕ ಔಷಧಿಯೂ ಆದ್ದರಿಂದ, 1985ರ ಮಾದಕ ವಸ್ತು ಕಾಯ್ದೆಗಾಗಿ ಫಾರ್ಮಸಿಸ್ಟ್ ಪ್ರತಿ ಆಂಪೂಲಿನ (ಮದ್ದಿನ ಪುಟ್ಟ ಸೀಸೆಯ) ಲೆಕ್ಕವನ್ನು ರಿಜಿಸ್ಟರಿನಲ್ಲಿ ಇಡುತ್ತಾರೆ. ಕೊಟ್ಟ ಸಮಯವೂ ಅಲ್ಲಿಯೂ ಕೇಸ್ ಶೀಟಿನಲ್ಲಿಯೂ ಒಂದೇ ರೀತಿ ದಾಖಲಾಗಿದ್ದರೆ, ಮಗುವಿಗೆ ಉಸಿರಾಟದ ನೆರವು ಬೇಕಾದೀತೆಂದು ನರ್ಸ್ ಮೊದಲೇ ಸಿದ್ಧರಾಗಿರಬಹುದು.

ಸಿಸೇರಿಯನ್‌ಗಾಗಿ ಬೆನ್ನಿಗೆ ಕೊಡುವ ಅರಿವಳಿಕೆಯಲ್ಲಿ ಅಪಾಯದ ಬಗೆಯೇ ಬೇರೆ. ಅಲ್ಲಿ ಬಳಸುವುದು ಗ್ಲೂಕೋಸ್ ಬೆರೆತ, 'ಹೆವಿ' ಎಂದೇ ರೂಢಿಯಾಗಿರುವ ಬುಪಿವಕೇನ್. ಸುಮಾರು 2 ಮಿಲಿಲೀಟರ್ ಸಾಕು, ಎದೆಯಿಂದ ಕೆಳಗೆ ನೋವು ತಿಳಿಯದು. ಅದೇ ಕೋಣೆಯಲ್ಲಿ, ಹೆರಿಗೆಯ ನಂತರ ರಕ್ತಸ್ರಾವವಾದರೆ 3 ಗಂಟೆಯೊಳಗೆ ರಕ್ತನಾಳಕ್ಕೆ ಕೊಡಬೇಕಾದ ಟ್ರಾನೆಕ್ಸಾಮಿಕ್ ಆಸಿಡ್ ಕೂಡ ಇರುತ್ತದೆ. ಎರಡೂ ಬಣ್ಣವಿಲ್ಲದ ದ್ರವ, ಎರಡೂ ಪುಟ್ಟ ಗಾಜಿನ ಆಂಪೂಲ್. ಜೀವ ಉಳಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕೈತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ತೀವ್ರ ಫಿಟ್ಸ್ ಬರುತ್ತದೆ, ಹೃದಯದ ಬಡಿತ ಹದಗೆಡುತ್ತದೆ. ಇಂಥ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಸಿತು.

ಇಂಥ ತಪ್ಪಾದಾಗ ಸಿರಿಂಜ್ ಹಿಡಿದವರನ್ನೇ ದೂರುವುದು ನಮ್ಮಲ್ಲಿ ವಾಡಿಕೆ. ಆದರೆ ತಪ್ಪು ಎಷ್ಟೋ ಮೊದಲೇ, ಎರಡು ಆಂಪೂಲುಗಳನ್ನು ಒಂದೇ ಟ್ರೇಯಲ್ಲಿ ಇಟ್ಟಾಗಲೇ, ಶುರುವಾಗಿರುತ್ತದೆ. ಟ್ರಾನೆಕ್ಸಾಮಿಕ್ ಆಸಿಡ್‌ಗೆ ಅರಿವಳಿಕೆಯ ಟ್ರಾಲಿಯಿಂದ ದೂರದಲ್ಲಿ ಬೇರೆ ಜಾಗ ಗೊತ್ತುಮಾಡಿ, ಎಚ್ಚರಿಕೆಯ ಚೀಟಿ ಅಂಟಿಸುವುದು ಫಾರ್ಮಸಿಸ್ಟ್ ಮಾಡಬಹುದಾದ ಕೆಲಸ. ಒಡೆಯುವ ಮುನ್ನ ಆಂಪೂಲಿನ ಹೆಸರನ್ನು ಗಟ್ಟಿಯಾಗಿ ಓದಿ ಅರಿವಳಿಕೆ ವೈದ್ಯರಿಗೆ ತೋರಿಸುವುದು ನರ್ಸ್ ಕೆಲಸ. ಟೆಂಡರ್ ಬದಲಾದರೆ ಕಂಪನಿ ಬದಲಾಗುತ್ತದೆ, ಅದರೊಂದಿಗೆ ಲೇಬಲ್ಲಿನ ಬಣ್ಣವೂ. ನಿನ್ನೆಯವರೆಗೆ ಬಣ್ಣ ನೋಡಿಯೇ ಗುರುತಿಸುತ್ತಿದ್ದ ಕೈಗೆ ಇಂದು ಆ ಗುರುತು ಮೋಸ ಮಾಡುತ್ತದೆ. ಹೊಸ ಸರಕು ಬಂದ ದಿನವೇ ಫಾರ್ಮಸಿಯಿಂದ ವಾರ್ಡಿಗೆ ಒಂದು ಫೋನ್ ಹೋಗಬೇಕಾದದ್ದು ಇದಕ್ಕಾಗಿ.

ಎಪಿಡ್ಯೂರಲ್, ಅಂದರೆ ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಳವೆ ಹಾಕಿ ಮದ್ದು ಕೊಡುವ ಸೌಲಭ್ಯವಿರುವಲ್ಲಿ ಇನ್ನೊಂದು ಔಷಧಿಯೂ ಬೇಕು. ಸೂಕ್ಷ್ಮ ಕೊಳವೆಯ ಮೂಲಕ ಬೆನ್ನಿಗೆ ಹರಿಯಬೇಕಾದ ಬುಪಿವಕೇನ್ ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳ ಸೇರಿದರೆ ಹೃದಯ ನಿಲ್ಲಬಹುದು. ಆಗ ಕೊಡುವುದು ಶೇ. 20ರ ಲಿಪಿಡ್ ಎಮಲ್ಷನ್, ಅಂದರೆ ಕೊಬ್ಬು ಬೆರೆತ ದ್ರವ. ವರ್ಷಗಟ್ಟಲೆ ಯಾರೂ ಮುಟ್ಟದ ಆ ಬಾಟಲಿಯನ್ನು ಅವಧಿ ಮುಗಿಯುವ ಮುನ್ನ ಬದಲಿಸುವ ಹೊಣೆ ಫಾರ್ಮಸಿಸ್ಟರದು. ಅದು ಯಾವ ಕಪಾಟಿನಲ್ಲಿದೆ ಎಂಬುದು ರಾತ್ರಿ ಪಾಳಿಯ ನರ್ಸ್‌ಗೂ ಗೊತ್ತಿರಬೇಕು.